ಪೋಷಕರ ಸಭೆಗೆ ಟ್ಯಾಬ್: ಶಾಲೆಯವರು ಏನು ತೋರಿಸಬೇಕು, ಅಪ್ಪ-ಅಮ್ಮ ಏನು ಕೇಳಬೇಕು? ಇಲ್ಲಿದೆ ಮಾಹಿತಿ

ಪೋಷಕರ ಸಭೆ ಅಂದರೆ ಬಹುತೇಕರಿಗೆ ಗೊತ್ತಿರುವುದು ಇಷ್ಟೇ. ಅಂಗಡಿ ಶಟರ್ ಅರ್ಧ ಎಳೆದು, ಇಲ್ಲವೇ ಅರ್ಧ ದಿನದ ಕೂಲಿ ಬಿಟ್ಟು ಶಾಲೆಗೆ ಹೋಗುವುದು. ಪುಸ್ತಕದಲ್ಲಿ ಸಹಿನೋ ಹೆಬ್ಬೆಟ್ಟೋ ಹಾಕುವುದು. ಮೇಷ್ಟ್ರು ಪ್ರಗತಿ ಪತ್ರ ಕೈಗೆ ಕೊಡ್ತಾರೆ, ಅದರಲ್ಲಿ 'ಬಿ ಪ್ಲಸ್' ಅಂತ ಇರುತ್ತೆ. "ಪರವಾಗಿಲ್ಲ, ಮನೇಲಿ ಇನ್ನೂ ಸ್ವಲ್ಪ ಓದಿಸಿ" ಅಂತಾರೆ. ಟೀ ಕುಡಿದು ವಾಪಸ್. ಬಿ ಪ್ಲಸ್ ಬಂದ ಮಗಳಿಗೆ ಬಸ್ಸಿನ ಬೋರ್ಡ್ ಓದೋಕೆ ಬರುತ್ತಾ, ಇಲ್ವಾ? ಅದು ಸಭೆಗೆ ಹೋಗಿ ಬಂದ ಮೇಲೂ ಗೊತ್ತಾಗಿರುವುದಿಲ್ಲ.

ಈ ಜಾಗಕ್ಕೆ ಈಗ ಟ್ಯಾಬ್ ಬರ್ತಾ ಇದೆ. ಮಗು ಓದುವುದನ್ನು, ಬರೆಯುವುದನ್ನು, ಲೆಕ್ಕ ಮಾಡುವುದನ್ನು ವರ್ಷವಿಡೀ ಆಗಾಗ ರೆಕಾರ್ಡ್ ಮಾಡಿಟ್ಟು, ಸಭೆಯ ದಿನ ತಂದೆ-ತಾಯಿಗೆ ತೋರಿಸುವ ಪದ್ಧತಿ ಇದು. ದೊಡ್ಡ ಊರುಗಳ ಖಾಸಗಿ ಶಾಲೆಗಳಲ್ಲಿ ಇದಕ್ಕೆ ಆ್ಯಪ್‌ಗಳೇ ಇವೆ. ತಾಲ್ಲೂಕಿನ ಶಾಲೆಗಳಲ್ಲಿ ಟ್ಯಾಬ್ ಇಲ್ಲದಿದ್ದರೂ ಶಿಕ್ಷಕರ ಕೈಯಲ್ಲಿ ಸ್ಮಾರ್ಟ್ ಫೋನ್ ಇದೆ, ಕೆಲಸಕ್ಕೆ ಅದೂ ಸಾಕು. ಮಾಡಿದರೆ ಏನು ಲಾಭ, ಎಲ್ಲಿ ಎಡವಟ್ಟಾಗುತ್ತೆ, ಪೋಷಕರಾಗಿ ನೀವು ಏನು ಕೇಳಬೇಕು ಎಂಬ ವಿವರ ಇಲ್ಲಿದೆ.

ಹೊಸದೇನೂ ಅಲ್ಲ

ಮಗುವಿನ ಕೆಲಸ ಕೂಡಿಡುವುದು ನಮ್ಮ ಸರ್ಕಾರಿ ಶಾಲೆಗಳಿಗೆ ಹಳೇ ವಿಷಯ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ (ಸಿಸಿಇ) ಪದ್ಧತಿಯಲ್ಲಿ ಪ್ರತಿ ಮಗುವಿಗೂ 'ಕೃತಿ ಸಂಪುಟ' ಅಂತ ಒಂದು ಫೈಲ್ ಇರಬೇಕು. ಮಗು ಬರೆದ ಹಾಳೆ, ಬಿಡಿಸಿದ ಚಿತ್ರ, ಮಾಡಿದ ಚಟುವಟಿಕೆ ಎಲ್ಲ ಅದರೊಳಗೆ. ಎಷ್ಟೋ ಕಡೆ ಆ ಫೈಲ್ ಇದೆ, ಬೀರುವಿನಲ್ಲಿ ಭದ್ರವಾಗಿದೆ. ಸಾಹೇಬ್ರು ಬಂದ ದಿನ ಹೊರಗೆ ಬರುತ್ತೆ, ಆಮೇಲೆ ಒಳಗೆ ಹೋಗುತ್ತೆ. ಪೋಷಕರ ಕೈಗೆ ಬರೋದು ಅಪರೂಪ.

ನಲಿ-ಕಲಿ ತರಗತಿಗೆ ಹೋದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನೊಂದಿಗೆ ಶುರುವಾದ ಈ ಪದ್ಧತಿಗೆ ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ಕಾರಣ. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲಿ ಕಲಿಕಾ ಏಣಿ ಇದೆ, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಗುರುತು ಹಾಕುವ ವ್ಯವಸ್ಥೆ ಇದೆ. ಅಂದರೆ "ಎಷ್ಟು ಅಂಕ" ಅನ್ನೋದಕ್ಕಿಂತ "ಎಲ್ಲಿದ್ದಾನೆ" ಅನ್ನುವ ಪ್ರಶ್ನೆ ನಮ್ಮ ಶಾಲೆಗಳಲ್ಲಿ ಆಗಲೇ ಕೇಳಿದ್ದಾರೆ.

ನ್ಯೂಜಿಲೆಂಡ್‌ನಲ್ಲಿ ಮಾರ್ಗರೆಟ್ ಕಾರ್ ಎಂಬ ಶಿಕ್ಷಣ ತಜ್ಞೆ 'ಕಲಿಕೆಯ ಕಥೆ' ಅನ್ನುವ ಪದ್ಧತಿ ರೂಪಿಸಿದರು. ಸಣ್ಣ ಮಗು ಇವತ್ತು ಏನು ಮಾಡಿತು ಅಂತ ಶಿಕ್ಷಕರು ನಾಲ್ಕು ಸಾಲು ಬರೆದು, ಫೋಟೋ ಅಂಟಿಸಿ ಮನೆಗೆ ಕಳಿಸುವುದು. ಅಮೆರಿಕದ ಸೀಸಾ ಎಂಬ ಆ್ಯಪ್‌ನಲ್ಲಿ ಮಗುವೇ ಟ್ಯಾಬ್ ಹಿಡಿದು ತನ್ನ ಕೆಲಸದ ಫೋಟೋ ತೆಗೆದು, ತನ್ನ ದನಿಯಲ್ಲೇ ವಿವರಣೆ ಸೇರಿಸುತ್ತೆ. ಟ್ಯಾಬ್ ತಂದ ನಿಜವಾದ ಬದಲಾವಣೆ ಈ ದನಿ. ಕೃತಿ ಸಂಪುಟದ ಹಾಳೆ ನೋಡಲು ಪೋಷಕರಿಗೆ ಓದು-ಬರಹ ಬೇಕು. ಮಗಳು ಓದುವುದನ್ನು ಕೇಳಲು ಕಿವಿ ಇದ್ದರೆ ಸಾಕು. ಶಾಲೆ ಮೆಟ್ಟಿಲು ಹತ್ತದ ತಾಯಿಗೂ ಜೂನ್‌ನಲ್ಲಿ ತಡವರಿಸುತ್ತಿದ್ದ ಮಗಳು ಈಗ ಸರಾಗ ಓದ್ತಾಳೋ ಇಲ್ಲವೋ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾನೂನಿನಲ್ಲಿ ಏನಿದೆ?

ಪೋಷಕರ ಸಭೆ ಶಾಲೆಯವರು ದಯೆಯಿಂದ ಮಾಡುವ ಕಾರ್ಯಕ್ರಮ ಅಂತ ಕೆಲವರು ತಿಳಿದಿದ್ದಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತೆ. ತಂದೆ-ತಾಯಿ ಅಥವಾ ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರುವ ಪ್ರಗತಿ ತಿಳಿಸಬೇಕು ಅನ್ನೋದು ಅದರಲ್ಲಿ ಒಂದು. ಅದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ, ನಮ್ಮಲ್ಲಿ ಎಸ್‌ಡಿಎಂಸಿ ಅಂತ ಕರೆಯುವುದರಲ್ಲಿ, ನಾಲ್ಕನೇ ಮೂರು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. 'ಸಮುದಾಯದತ್ತ ಶಾಲೆ' ಕಾರ್ಯಕ್ರಮ ಕೂಡ ಮಕ್ಕಳ ಪ್ರಗತಿಯನ್ನು ಊರಿನವರ ಮುಂದೆ ಇಡಬೇಕು ಅಂತಲೇ ಬಂದಿದ್ದು.

ಹಾಗಾಗಿ "ನನ್ನ ಮಗ ಎಲ್ಲಿದ್ದಾನೆ, ತೋರಿಸಿ" ಅಂತ ಕೇಳುವುದು ಜಗಳ ಅಲ್ಲ. ತೋರಿಸಬೇಕು ಅಂತ ಕಾನೂನೇ ಹೇಳಿದೆ. ಟ್ಯಾಬ್‌ನಲ್ಲೇ ತೋರಿಸಿ ಅಂತ ಮಾತ್ರ ಎಲ್ಲೂ ಹೇಳಿಲ್ಲ.

ಒಂದು ನಿಮಿಷದ ರೆಕಾರ್ಡಿಂಗ್

ವಿಧಾನ ಸರಳ. ಶಾಲೆ ಶುರುವಾದ ಜೂನ್‌ನಲ್ಲಿ ಮಗುವಿಗೆ ಒಂದು ಪುಟ ಕೊಟ್ಟು ಓದಿಸುವುದು, ಒಂದು ನಿಮಿಷ ದನಿ ರೆಕಾರ್ಡ್ ಮಾಡುವುದು. ಓದುವ ಮೊದಲು ಮಗುವೇ ತನ್ನ ಹೆಸರು, ತರಗತಿ, ದಿನಾಂಕ ಹೇಳಬೇಕು. ಆಮೇಲೆ ಹುಡುಕುವಾಗ ಇದೇ ಗುರುತು. ದಸರಾ ರಜೆಗೆ ಮೊದಲು ಅದೇ ಪುಟ ಮತ್ತೆ, ಜೊತೆಗೆ ಅಷ್ಟೇ ಕಷ್ಟದ ಹೊಸ ಪುಟ ಒಂದು. ಜನವರಿಯಲ್ಲಿ ಇನ್ನೊಮ್ಮೆ. ವರ್ಷದ ಕೊನೆಗೆ ಕೊನೇ ಸಲ. ಸಭೆಯಲ್ಲಿ ಪೋಷಕರಿಗೆ ಎರಡು ರೆಕಾರ್ಡಿಂಗ್ ಕೇಳಿಸಿದರೆ ಸಾಕು: ಹಳೇದು ಒಂದು, ಈಗಿನದು ಒಂದು.

ಹೊಸ ಪುಟ ಯಾಕೆ ಬೇಕು ಅಂದರೆ, ಮಕ್ಕಳು ಪಾಠವನ್ನ ಬಾಯಿಪಾಠ ಮಾಡಿರ್ತಾರೆ. ಪುಸ್ತಕ ತಲೆಕೆಳಗಾಗಿ ಹಿಡಿದರೂ ಪಾಠ ಹೇಳುವ ಹುಡುಗರಿದ್ದಾರೆ! ಮನೆಯಲ್ಲೂ ಇದನ್ನು ಪರೀಕ್ಷಿಸಬಹುದು: ಕೆಳಗಿನಿಂದ ಎರಡನೇ ಸಾಲಿಗೆ ಬೆರಳಿಟ್ಟು "ಇದನ್ನ ಓದು" ಅನ್ನಿ. ಇಲ್ಲವಾದರೆ ಸಾಬೂನಿನ ಪೊಟ್ಟಣ, ಮದುವೆ ಕರೆಯೋಲೆ, ನ್ಯಾಯಬೆಲೆ ಅಂಗಡಿ ಬೋರ್ಡು, ಏನು ಸಿಕ್ಕರೆ ಅದು.

2005ರಿಂದ ಪ್ರಥಮ್ ಸಂಸ್ಥೆ ನಡೆಸುತ್ತಿರುವ 'ಅಸರ್' ಸಮೀಕ್ಷೆಯ ಅಳತೆಗೋಲು ಪೋಷಕರಿಗೆ ಬಹಳ ಉಪಯೋಗ. ಅದರಲ್ಲಿ ಮೆಟ್ಟಿಲು ಹೀಗಿದೆ: ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಕೊನೆಗೆ ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸ್ತಾರೆ. ಐದನೇ ತರಗತಿ ಮಗು ಆ ಎರಡನೇ ತರಗತಿಯ ಕಥೆ ಓದಬಲ್ಲುದೇ ಅನ್ನೋದೇ ವರ್ಷ ವರ್ಷ ಚರ್ಚೆಯಾಗುವ ಪ್ರಶ್ನೆ. ಮೇಷ್ಟ್ರ ಹತ್ತಿರ ಬಿ ಪ್ಲಸ್ ಬದಲು "ಈ ನಾಲ್ಕರಲ್ಲಿ ಎಲ್ಲಿದ್ದಾನೆ?" ಅಂತ ಕೇಳಿದರೆ ನೇರ ಉತ್ತರ ಸಿಗುತ್ತೆ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ತರಗತಿ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡಿಕೊಂಡು ಓದಬೇಕು ಅನ್ನುವ ಗುರಿ ಇದೆ. ಕನ್ನಡಕ್ಕೆ ಇದನ್ನು ಗಡಿಯಾರ ಹಿಡಿದು ಅಳೆಯುವಾಗ ಸ್ವಲ್ಪ ನಿಧಾನ ಇರಲಿ. 'ಹೋಗಿಬರುತ್ತೇನೆಂದಳು' ಅನ್ನೋದು ನಮ್ಮಲ್ಲಿ ಒಂದೇ ಪದ, ಬೇರೆ ಭಾಷೆಗಳಲ್ಲಿ ನಾಲ್ಕೈದು ಆಗುತ್ತೆ.

ಕೇಳುವಾಗ ಏನು ಗಮನಿಸಬೇಕು

ವೇಗ ಒಂದೇ ನೋಡಬೇಡಿ. ಕನ್ನಡ ಓದುವ ಮಕ್ಕಳು ಎಡವುವ ಜಾಗಗಳು ಹೆಚ್ಚು ಕಡಿಮೆ ಒಂದೇ. ಒತ್ತಕ್ಷರ ಮೊದಲನೇದು: 'ಹಕ್ಕಿ' ಅಂತ ಇದ್ದರೆ 'ಹಕಿ' ಅಂತ ಓದ್ತಾರೆ, 'ಪುಸ್ತಕ' ಬಂದರೆ ನಿಂತುಬಿಡ್ತಾರೆ. ಎರಡನೇದು ದೀರ್ಘ: 'ಕಾಡು' ಹೋಗಿ 'ಕಡು' ಆಗುತ್ತೆ. ಕಾಗುಣಿತದಲ್ಲಿ ಎ-ಏ, ಒ-ಓ ಗೊಂದಲ. ಜೂನ್ ರೆಕಾರ್ಡಿಂಗ್‌ನಲ್ಲಿ ಒತ್ತಕ್ಷರ ಪೂರ್ತಿ ಹಾರಿಸುತ್ತಿದ್ದ ಮಗು ಅಕ್ಟೋಬರ್‌ನಲ್ಲಿ ಒತ್ತಕ್ಷರ ಬಂದ ಕಡೆ ನಿಂತು, ತಡವರಿಸಿ, ಸರಿಯಾಗಿ ಓದಿದರೆ ನಿಮಿಷಕ್ಕೆ ಓದಿದ ಪದ ಕಡಿಮೆಯಾಗಿರಬಹುದು. ಆದರೂ ಅದು ಮುಂದೆ ಹೋಗಿದೆ. ಅಂಕಪಟ್ಟಿಯಲ್ಲಿ ಇದು ಕಾಣಲ್ಲ, ರೆಕಾರ್ಡಿಂಗ್‌ನಲ್ಲಿ ಕೇಳುತ್ತೆ.

ಇನ್ನೊಂದು ಮಾತು. 'ಹಾಲು' ಅಂತ ಇರೋದನ್ನ ಮಗು 'ಆಲು' ಅಂತ ಓದಿದರೆ ತಕ್ಷಣ ತಪ್ಪು ಅಂತ ಕೆಂಪು ಗೀಟು ಹಾಕುವವರಿದ್ದಾರೆ. ಮನೆಯಲ್ಲಿ ಅಪ್ಪ-ಅಮ್ಮ, ಅಜ್ಜಿ ಎಲ್ಲ 'ಆಲು' ಅಂತಲೇ ಅಂತಾರೆ. ಮಗು ಅಕ್ಷರ ಗುರುತು ಹಿಡಿದಿದೆ, ಅರ್ಥವೂ ಆಗಿದೆ, ಬಾಯಲ್ಲಿ ಮನೆಮಾತು ಬಂದಿದೆ ಅಷ್ಟೇ. ಸಭೆಯಲ್ಲಿ ಇದನ್ನು ಓದು ಬರದ ಲೆಕ್ಕಕ್ಕೆ ಸೇರಿಸಿದರೆ "ಮೇಷ್ಟ್ರೇ, ಅದು ನಮ್ಮನೆ ಮಾತು" ಅಂತ ಹೇಳಲು ಸಂಕೋಚ ಬೇಡ.

ಓದಿದ ಮೇಲೆ ಒಂದು ಪ್ರಶ್ನೆ ಇರಲೇಬೇಕು. "ಕಥೆಯಲ್ಲಿ ನಾಯಿ ಯಾಕೆ ಓಡಿಹೋಯ್ತು?" ಅಂತ ಶಿಕ್ಷಕರು ಕೇಳಿದ್ದಕ್ಕೆ ಮಗು ಏನು ಹೇಳಿತು ಅನ್ನೋದು ರೆಕಾರ್ಡಿಂಗ್‌ನಲ್ಲಿ ಇಲ್ಲದಿದ್ದರೆ ಅರ್ಧ ಕೆಲಸ ಆದಂತೆ.

ವಿಡಿಯೋ ಇದ್ದರೆ ಇನ್ನೊಂದು ವಿಷಯ ಕಣ್ಣಿಗೆ ಬೀಳಬಹುದು. ಮಗು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರೆ, ಕಣ್ಣು ಕಿರಿದು ಮಾಡುತ್ತಿದ್ದರೆ ಸಮಸ್ಯೆ ಕಲಿಕೆಯದ್ದಲ್ಲದೇ ಇರಬಹುದು, ಕನ್ನಡಕದ್ದಿರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ದೃಷ್ಟಿ ಪರೀಕ್ಷೆಯೂ ಮಾಡುತ್ತೆ. ಆ ದಿನ ಮಗು ಗೈರಾಗಿತ್ತಾ ಅಂತ ಸಭೆಯಲ್ಲೇ ಕೇಳಿ.

ಅಂಗಡಿಯಲ್ಲಿ ಬರುವ ಲೆಕ್ಕ ಸ್ಲೇಟಿನಲ್ಲಿ ಬರಲ್ಲ ಯಾಕೆ?

ಅಂಗಡಿ ಇಟ್ಟವರು ಇದನ್ನ ಗಮನವಿಟ್ಟು ಓದಬೇಕು. 42ರಲ್ಲಿ 17 ಕಳೆದರೆ ಎಷ್ಟು ಅಂತ ಸ್ಲೇಟಿನಲ್ಲಿ ಕೊಟ್ಟರೆ ಎಷ್ಟೋ ಮಕ್ಕಳು 35 ಅಂತ ಬರೀತಾರೆ. ಬೇಜವಾಬ್ದಾರಿಯಿಂದಲ್ಲ. 2ರಲ್ಲಿ 7 ಹೋಗಲ್ಲ ಅಂತ 7ರಲ್ಲಿ 2 ಕಳೆದು 5 ಬರೆದಿರ್ತಾರೆ, 4ರಲ್ಲಿ 1 ಹೋಗಿ 3. ದಶಕ ಸಹಿತ ವ್ಯವಕಲನ ಅರ್ಥವಾಗಿಲ್ಲ. ಉತ್ತರ ಪತ್ರಿಕೆಯಲ್ಲಿ ಇದು ಒಂದು ಕೆಂಪು ಗುರುತು ಮಾತ್ರ. ಮಗು ಬಾಯಿಬಿಟ್ಟು ಹೇಳುತ್ತಾ ಲೆಕ್ಕ ಮಾಡುವ ವಿಡಿಯೋ ಇದ್ದರೆ ತಪ್ಪು ಯಾವ ಹೆಜ್ಜೆಯಲ್ಲಿ ಆಯ್ತು ಅಂತ ಶಿಕ್ಷಕರಿಗೂ ಗೊತ್ತಾಗುತ್ತೆ, ನಿಮಗೂ.

ಇದೇ ಹುಡುಗ ಸಂಜೆ ಅಂಗಡಿಯಲ್ಲಿ ಕೂತಿರ್ತಾನೆ. ಗಿರಾಕಿ 32 ರೂಪಾಯಿ ಸಾಮಾನು ತಗೊಂಡು 50 ಕೊಟ್ಟರೆ ಪೆನ್ನು ಮುಟ್ಟದೆ 18 ವಾಪಸ್ ಕೊಡ್ತಾನೆ. 32ಕ್ಕೆ 3 ಸೇರಿದರೆ 35, ಇನ್ನೈದು 40, ಇನ್ನು ಹತ್ತು 50. ತಲೆಯಲ್ಲೇ ಮುಗೀತು. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತಾ, ದೆಹಲಿ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಅಧ್ಯಯನ ಮಾಡಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನೇ ಪ್ರಕಟಿಸಿದರು. ವ್ಯಾಪಾರದ ಲೆಕ್ಕ ಸರಾಗ ಮಾಡುವ ಮಕ್ಕಳು ಶಾಲೆ ಪುಸ್ತಕದ ರೀತಿ ಬರೆದ ಅದೇ ಲೆಕ್ಕದಲ್ಲಿ ಸೋಲ್ತಾರೆ. ಶಾಲೆ ಲೆಕ್ಕ ಕಲಿತ ಮಕ್ಕಳಿಗೆ ಮಾರುಕಟ್ಟೆ ಲೆಕ್ಕ ಬರಲ್ಲ. ಒಂದು ಕಡೆಯ ವಿದ್ಯೆ ಇನ್ನೊಂದು ಕಡೆಗೆ ತಾನಾಗೇ ಹೋಗಲ್ಲ, ಯಾರಾದರೂ ಸೇತುವೆ ಹಾಕಬೇಕು.

ಹಾಗಾಗಿ ದಾಖಲೆ ಅನ್ನೋದು ಶಾಲೆಯಿಂದ ಮನೆಗೆ ಮಾತ್ರ ಬರಬೇಕು ಅಂತೇನಿಲ್ಲ. ಮಗ ಚಿಲ್ಲರೆ ಕೊಡುವುದನ್ನು, ಮಗಳು ಸಂಘದ ಉಳಿತಾಯದ ಲೆಕ್ಕ ಅಮ್ಮನಿಗೆ ಓದಿ ಹೇಳುವುದನ್ನು ನಿಮ್ಮ ಫೋನಿನಲ್ಲೇ ಅರ್ಧ ನಿಮಿಷ ವಿಡಿಯೋ ಮಾಡಿ ಸಭೆಗೆ ಒಯ್ಯಿರಿ. "ಲೆಕ್ಕ ತಲೆಗೇ ಹತ್ತಲ್ಲ" ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಮಗುವಿನ ವಿಷಯದಲ್ಲಿ ಈ ಅರ್ಧ ನಿಮಿಷ ಮೇಷ್ಟ್ರ ಅಭಿಪ್ರಾಯವನ್ನೇ ಬದಲಿಸಬಹುದು. ಪಾಠ ಎಲ್ಲಿಂದ ಶುರು ಮಾಡಬೇಕು ಅನ್ನೋದೂ ಅವರಿಗೆ ಹೊಳೆಯುತ್ತೆ.

ಖರ್ಚು, ಸಮಯ, ಜಾಗ

ಟ್ಯಾಬ್ ಕೊಳ್ಳಲೇಬೇಕು ಅಂತ ದಾನಿಗಳನ್ನು ಹುಡುಕುವ ಮೊದಲು ಲೆಕ್ಕ ಹಾಕಿ. ಒಂದು ನಿಮಿಷದ ದನಿ ರೆಕಾರ್ಡಿಂಗ್ ಸುಮಾರು 1 ಎಂಬಿ. 30 ಮಕ್ಕಳು, ವರ್ಷಕ್ಕೆ 4 ಸಲ ಅಂದರೆ 120 ಎಂಬಿ, ಹಳೇ ಫೋನಿಗೂ ಭಾರ ಅಲ್ಲ. ವಿಡಿಯೋಗೆ ಬಂದರೆ ಸಾಧಾರಣ ಗುಣಮಟ್ಟದಲ್ಲೂ ನಿಮಿಷಕ್ಕೆ 60 ಎಂಬಿ ಹತ್ತಿರ ಹೋಗುತ್ತೆ. ಅದೇ ಲೆಕ್ಕದಲ್ಲಿ 7 ಜಿಬಿ ದಾಟುತ್ತೆ. ಗೂಗಲ್ ಖಾತೆಯಲ್ಲಿ ಉಚಿತ ಜಾಗ 15 ಜಿಬಿ, ಅದರಲ್ಲೇ ಮೇಲ್, ಫೋಟೋ ಎಲ್ಲ. ಆದ್ದರಿಂದ ಓದಿಗೆ ದನಿ, ಲೆಕ್ಕಕ್ಕೆ ಮಾತ್ರ ವಿಡಿಯೋ, ಬರವಣಿಗೆಗೆ ಫೋಟೋ.

ಟ್ಯಾಬ್‌ನ ಅನುಕೂಲ ಇಲ್ಲ ಅಂತಲ್ಲ. ಪರದೆ ದೊಡ್ಡದು, ಅಪ್ಪ-ಅಮ್ಮ-ಮಗು ಮೂವರೂ ಕೂತು ನೋಡಬಹುದು. ಎಲ್ಲಕ್ಕಿಂತ ಮುಖ್ಯ, ಅದು ಶಾಲೆಯ ಆಸ್ತಿ. ಮೇಷ್ಟ್ರಿಗೆ ವರ್ಗಾವಣೆ ಆದರೆ ಅವರ ಫೋನಿನ ಜೊತೆ ಮಕ್ಕಳ ದಾಖಲೆಯೂ ಬಸ್ ಹತ್ತಿ ಹೋಗಬಾರದು.

ಸಮಯದ ವಿಷಯದಲ್ಲಿ ಶಿಕ್ಷಕರ ಕಡೆಯಿಂದಲೂ ನೋಡಬೇಕು. ಈಗಲೇ ಎಸ್‌ಎಟಿಎಸ್‌ನಲ್ಲಿ ಅಂಕ ತುಂಬಬೇಕು, ಬಿಸಿಯೂಟದ ಲೆಕ್ಕ ಬರೀಬೇಕು, ಚುನಾವಣೆ-ಸಮೀಕ್ಷೆ ಬಂದರೆ ಅದಕ್ಕೂ ಇವರೇ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ಒಟ್ಟಿಗೆ ನೋಡುವ ಶಾಲೆಗಳೂ ಇವೆ. ಮೇಲೆ ಇದೊಂದು ಅಂದರೆ ಅವರಿಗೆ ಸಿಟ್ಟು ಬರೋದು ಸಹಜ. ದಿನಕ್ಕೆ ಮೂರೇ ಮಕ್ಕಳು, ತಲಾ ಎರಡು ನಿಮಿಷ ಅಂದರೆ 30 ಮಕ್ಕಳಿಗೆ ಹತ್ತು ದಿನ. ಇಷ್ಟಕ್ಕೇ ನಿಲ್ಲಿಸಿದರೆ ನಡೆಯುತ್ತೆ. ವಾರಕ್ಕೊಂದು ಫೋಟೋ, ದಿನಕ್ಕೊಂದು ವಿಡಿಯೋ ಅಂತ ಶುರುವಾದರೆ ಪಾಠ ನಿಂತು ಶೂಟಿಂಗ್ ನಡೆಯುತ್ತೆ. ತರಗತಿ ಗದ್ದಲದಲ್ಲಿ ದನಿ ಸರಿಯಾಗಿ ಬರಲ್ಲ, ವರಾಂಡದ ಮೂಲೆ, ಮೈಕ್ ಇರುವ ಸಾದಾ ಇಯರ್‌ಫೋನ್ ಸಾಕು.

ಸಭೆಯ ದಿನಕ್ಕೂ ಒಂದು ಲೆಕ್ಕ ಇದೆ. ಒಂದೊಂದು ಮನೆಗೆ 8 ನಿಮಿಷ ಅಂದರೂ 30 ಮಕ್ಕಳಿಗೆ 4 ಗಂಟೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಭಾಷಣ ಮಾಡಿದರೆ ಟ್ಯಾಬ್ ಇದ್ದೂ ಪ್ರಯೋಜನ ಇಲ್ಲ. ಹೆಸರಿನ ಮುಂದೆ ಸಮಯ ಬರೆದು ಮೊದಲೇ ತಿಳಿಸಿದರೆ ಅಂಗಡಿಯವರು ಅಂಗಡಿ ಮುಚ್ಚದೆ ಬರ್ತಾರೆ, ಕೂಲಿಯವರು ಬೆಳಿಗ್ಗೆ ಮುಂಚೆ ಬಂದು ಕೆಲಸಕ್ಕೆ ಹೋಗ್ತಾರೆ.

ವಾಟ್ಸ್‌ಆ್ಯಪ್ ಗ್ರೂಪಿಗೆ ಬೇಡ

ಎಡವಟ್ಟಾಗೋದು ಬಹುತೇಕ ಇಲ್ಲೇ. ಚೆನ್ನಾಗಿ ಓದುವ ನಾಲ್ಕು ಮಕ್ಕಳ ವಿಡಿಯೋ ಗ್ರೂಪಿಗೆ ಬೀಳುತ್ತೆ, ಅಲ್ಲಿಂದ ಸ್ಟೇಟಸ್, ಅಲ್ಲಿಂದ ಫೇಸ್‌ಬುಕ್. ಉಳಿದ ಮನೆಗಳಲ್ಲಿ ಆ ರಾತ್ರಿ "ನೋಡು ಅವಳನ್ನ, ನೀನೂ ಇದ್ದೀಯ" ಅಂತ ಶುರು. ತಡವರಿಸಿ ಓದಿದ ಮಗುವಿನ ವಿಡಿಯೋ ಹೊರಗೆ ಹೋದರಂತೂ ಊರಲ್ಲಿ ಅದು ವರ್ಷಗಟ್ಟಲೆ ಅಡ್ಡಹೆಸರಾಗಿ ಉಳಿಯುತ್ತೆ. ಒಂದು ಮಗುವಿನ ರೆಕಾರ್ಡಿಂಗ್ ಆ ಮಗುವಿನ ಪೋಷಕರಿಗೆ ಮಾತ್ರ. ಹೋಲಿಕೆ ಮಾಡಲೇಬೇಕು ಅಂದರೆ ಜೂನ್‌ನ ಅದೇ ಮಗುವಿನ ಜೊತೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಎಂದು ಪರಿಗಣಿಸುತ್ತೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು ಹಂತ ಹಂತವಾಗಿ ಜಾರಿಯಾಗುತ್ತಿವೆ. ಖಾಸಗಿ ಶಾಲೆಗಳು ಪ್ರವೇಶದ ಸಮಯದಲ್ಲಿ ಸಹಿ ಹಾಕಿಸಿಕೊಳ್ಳುವ ಇಂಗ್ಲಿಷ್ ಫಾರಂನಲ್ಲಿ ಈ ಒಪ್ಪಿಗೆಯೂ ಸೇರಿರಬಹುದು, ಓದಿಸಿಕೊಂಡು ಸಹಿ ಮಾಡಿ. ರೆಕಾರ್ಡಿಂಗ್ ಯಾರ ಫೋನಿನಲ್ಲಿದೆ, ಯಾವ ಆ್ಯಪ್‌ಗೆ ಹೋಗುತ್ತೆ, ಮಗು ಶಾಲೆ ಬಿಟ್ಟಾಗ ಅಳಿಸ್ತಾರಾ ಅಥವಾ ನಿಮ್ಮ ಕೈಗೆ ಕೊಡ್ತಾರಾ? ಮೂರೂ ನೇರವಾಗಿ ಕೇಳಬಹುದಾದ ಪ್ರಶ್ನೆಗಳು.

ರಿಹರ್ಸಲ್ ಮಾಡಿಸಿದ ವಿಡಿಯೋ ಗುರುತು ಹಿಡಿಯೋದು ಕಷ್ಟ ಅಲ್ಲ. ಮಗು ಪುಟದ ಬದಲು ಕ್ಯಾಮೆರಾ ನೋಡ್ತಾ ಇರುತ್ತೆ, ಎಲ್ಲೂ ತಡವರಿಸಲ್ಲ, ವರ್ಷವಿಡೀ ಅದೇ ಪಾಠ ಇರುತ್ತೆ. ಫೈಲ್‌ನ ವಿವರದಲ್ಲಿ ದಿನಾಂಕ ನೋಡಿದರೆ ನಾಲ್ಕು ತಿಂಗಳ ರೆಕಾರ್ಡಿಂಗ್ ಒಂದೇ ಮಧ್ಯಾಹ್ನ ಆಗಿರೋದೂ ಉಂಟು. ಅಂಥ ಕಡೆ ಟ್ಯಾಬ್ ಪಕ್ಕಕ್ಕಿಟ್ಟು, ಮಗುವನ್ನೇ ಕರೆದು ಅಲ್ಲೇ ಒಂದು ಹೊಸ ಪುಟ ಓದಿಸಿ ಅಂತ ಕೇಳಿ. ಮಗುವನ್ನು ಗದರಿಸದೆ, ಮೇಷ್ಟ್ರನ್ನ ಹಂಗಿಸದೆ ಕೇಳಿದರೆ ಯಾರೂ ಬೇಡ ಅನ್ನಲ್ಲ.

ಸಭೆ ಮುಗಿಯುವ ಮೊದಲು

ರೆಕಾರ್ಡಿಂಗ್ ಕೇಳಿ "ಚೆನ್ನಾಗಿದೆ" ಅಂತ ಎದ್ದು ಬಂದರೆ ಬಿ ಪ್ಲಸ್‌ಗೂ ಇದಕ್ಕೂ ವ್ಯತ್ಯಾಸ ಇಲ್ಲ. ಮುಂದಿನ ಸಭೆಯೊಳಗೆ ಮಗು ಏನು ಕಲಿತಿರಬೇಕು ಅನ್ನೋದನ್ನ ಒಂದೇ ಒಂದು ಸಾಲಿನಲ್ಲಿ ಬರೆಸಿಕೊಳ್ಳಿ. "ಜನವರಿಯೊಳಗೆ ಒತ್ತಕ್ಷರ ಇರುವ ನಾಲ್ಕು ಸಾಲು ಓದಬೇಕು" ಅಂತಲೋ, "ದಶಕ ಸಹಿತ ಕಳೆಯುವ ಲೆಕ್ಕ ಬರಬೇಕು" ಅಂತಲೋ. ಶಾಲೆ ಏನು ಮಾಡುತ್ತೆ, ಮನೆಯಲ್ಲಿ ಏನು ಮಾಡಬೇಕು ಅಂತ ಅದರ ಕೆಳಗೆ. ಮನೆಯಲ್ಲಿ ಓದಿಸಲು ಯಾರಿಗೂ ಬರಲ್ಲ ಅಂದರೆ ಅದನ್ನೂ ಹೇಳಿ. ದಿನಾ ಹತ್ತು ನಿಮಿಷ ಮಗು ಓದುವುದನ್ನು ಪಕ್ಕದಲ್ಲಿ ಕೂತು ಕೇಳೋದು ಓದು ಬರದವರಿಗೂ ಆಗುವ ಕೆಲಸ. ಮುಂದಿನ ಸಭೆಯಲ್ಲಿ ಮೊದಲು ಆ ಸಾಲು ತೆಗೆದು, ಆಮೇಲೆ ರೆಕಾರ್ಡಿಂಗ್ ಹಾಕಿಸಿ.

ನಿಮ್ಮ ಶಾಲೆಯಲ್ಲಿ ಇಂಥದ್ದೇನೂ ಇಲ್ಲ ಅಂದರೆ ಮುಖ್ಯ ಶಿಕ್ಷಕರಿಗೋ ಎಸ್‌ಡಿಎಂಸಿ ಅಧ್ಯಕ್ಷರಿಗೋ ಹೇಳಿ, ಒಂದು ತರಗತಿಯಿಂದ ಶುರು ಮಾಡಲು ಕೇಳಬಹುದು. ಮೂರನೇ ತರಗತಿ ಒಳ್ಳೆಯದು, ಅಷ್ಟರಲ್ಲಿ ಓದು ಬಂದಿರಬೇಕು, ಬರದಿದ್ದರೆ ಸರಿಪಡಿಸಲು ಇನ್ನೂ ಸಮಯ ಇರುತ್ತೆ. ಕೃತಿ ಸಂಪುಟವನ್ನೂ ಸಭೆಯ ದಿನ ಬೀರುವಿನಿಂದ ತೆಗೆಸಿ. ಜೊತೆಗೆ, ಸಭೆಯನ್ನು ಸಂತೆ ದಿನ ಇಡಬೇಡಿ ಅಂತ ಈಗಲೇ ಹೇಳಿಡಿ.